ಕಿರುನೆಲ್ಲಿ ಪ್ರಯೋಗಾಲಯ ಹೊಕ್ಕ ಬಗೆ

ವೈರಸ್ ಜೀವಂತ ಕೋಶದ ಒಳಗಷ್ಟೇ ವೃದ್ಧಿಯಾಗುವುದರಿಂದ ಅದರ ವಿರುದ್ಧ ಗಿಡಮೂಲಿಕೆಗಳನ್ನು ಪರೀಕ್ಷಿಸುವ ಕೆಲಸ ಬಹುಕಾಲ ಕೈಗೆಟುಕಲಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಬೂಟ್ಸ್ ಔಷಧ ಕಂಪನಿಯ ಸಂಶೋಧಕರು ಭ್ರೂಣವಿರುವ ಕೋಳಿಮೊಟ್ಟೆಗಳಲ್ಲಿ ಇನ್‌ಫ್ಲುಯೆಂಜಾ ವೈರಸ್ ಬೆಳೆಸಿ, 288 ಸಸ್ಯಗಳ ಸಾರವನ್ನು ಅದರ ಮೇಲೆ ಪ್ರಯೋಗಿಸಿ, 12 ಸಾರಗಳು ಮಾತ್ರ ವೈರಸ್ಸನ್ನು ಕುಗ್ಗಿಸಿದವೆಂದು 1952ರಲ್ಲಿ ವರದಿ ಮಾಡಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯೂ 1960ರ ದಶಕದಲ್ಲಿ ಭಾರತೀಯ ಸಸ್ಯಗಳನ್ನು ಹೀಗೆಯೇ ಜರಡಿ ಹಿಡಿಯತೊಡಗಿತು.

ಈ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದ ಅಧ್ಯಾಯ ಕಿರುನೆಲ್ಲಿಯದು. ಹೊಲದ ಬದುವಿನಲ್ಲಿ ಮಳೆ ಬಿದ್ದೊಡನೆ ತಲೆಯೆತ್ತುವ, ಎಲೆಸಾಲಿನ ಅಡಿಯಲ್ಲಿ ಪುಟ್ಟ ಹಸಿರು ಕಾಯಿಗಳನ್ನು ಪೋಣಿಸಿಕೊಂಡಿರುವ ಈ ಗಿಡವನ್ನು ಬೇರುಸಹಿತ ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಕಾಮಾಲೆಗೆ ಕೊಡುವುದು ಹಳೆಯ ರೂಢಿ. ಆದರೆ ಕಾಮಾಲೆಯ ಎಷ್ಟೋ ಪ್ರಕರಣಗಳು ತಾವಾಗಿಯೇ ಶಮನವಾಗುತ್ತವೆ. ಔಷಧ ಯಾವುದಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ.

ಮದರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಸಹೋದ್ಯೋಗಿಗಳು, ಕಾಮಾಲೆ ತರುವ ವೈರಸ್‌ಗಳಲ್ಲೊಂದಾದ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಈ ಗಿಡದ ಸಾರ ನಿಷ್ಕ್ರಿಯಗೊಳಿಸುತ್ತದೆ ಎಂದು 1982ರಲ್ಲಿ ತೋರಿಸಿದರು. ಆ ವೈರಸ್ಸಿನ ಜಾಡು ಹಿಡಿದು 1976ರ ನೊಬೆಲ್ ಪಡೆದಿದ್ದ ಬರೂಕ್ ಬ್ಲೂಂಬರ್ಗ್ ಅವರ ಫಿಲಡೆಲ್ಫಿಯಾದ ತಂಡ, ವೈರಸ್ ತನ್ನ ಡಿಎನ್ಎಯನ್ನು ನಕಲು ಮಾಡಿಕೊಳ್ಳಲು ಬಳಸುವ ಕಿಣ್ವವನ್ನೇ ಸಾರ ತಡೆಯುತ್ತದೆಂದು 1987ರಲ್ಲಿ ವರದಿ ಮಾಡಿ, ಅಳಿಲಿನ ಬಳಗಕ್ಕೆ ಸೇರಿದ ವುಡ್‌ಚಕ್ ಎಂಬ ಪ್ರಾಣಿಗಳ ಮೇಲೂ ಅದನ್ನು ಪ್ರಯೋಗಿಸಿತು. ಮರುವರ್ಷ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮದರಾಸಿನ ಪ್ರಯೋಗವಂತೂ ಬೆರಗು ಹುಟ್ಟಿಸಿತು: ದಿನಕ್ಕೆ ಮೂರು ಬಾರಿ 200 ಮಿಲಿಗ್ರಾಂನಂತೆ 30 ದಿನ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ ಪ್ರೋಟೀನು ಮಾಯವಾಗಿತ್ತು, ಔಷಧದಂತೆ ಕಾಣುವ ಹುಸಿಗುಳಿಗೆ ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಬೆರಗು ಉಳಿಯಲಿಲ್ಲ. ಥಾಯ್ಲೆಂಡಿನಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ನಡೆದ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಗಿಡದ ಗುರುತೇ ಗೊಂದಲದ್ದಾಗಿತ್ತು. ಭಾರತದ ಬರಹಗಳಲ್ಲಿ ‘ಫಿಲಾಂಥಸ್ ನಿರೂರಿ’ ಎನಿಸಿಕೊಂಡದ್ದು ಬಹುಪಾಲು ‘ಫಿಲಾಂಥಸ್ ಅಮಾರಸ್’, ನಿಜವಾದ ನಿರೂರಿ ಅಮೆರಿಕ ಖಂಡದ್ದು. ಇದಕ್ಕಿಂತ ಸೂಕ್ಷ್ಮವಾದ ಮೋಸ ಪರೀಕ್ಷಾನಳಿಕೆಯಲ್ಲೇ ಅಡಗಿರುತ್ತದೆ. ಅಡಿಕೆ ಅಗಿದಾಗ ಬಾಯಿ ಒಗರಾಗುವುದು ಅದರ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ; ಕಿರುನೆಲ್ಲಿಯಲ್ಲೂ ಹೇರಳವಾಗಿರುವ ಟ್ಯಾನಿನ್ನುಗಳು ಹಾಗೆಯೇ ಕಿಣ್ವಕ್ಕೂ ಕವಚಕ್ಕೂ ಅಂಟಿ, ಹೊಟ್ಟೆ ಸೇರಿದ ಮೇಲೆ ಉಳಿಯದ ಪರಿಣಾಮವನ್ನು ಗಾಜಿನಲ್ಲಿ ತೋರಿಸಬಲ್ಲವು. ಸಾರ ಕೋಶವನ್ನೇ ಕೊಂದರೂ ವೈರಸ್ ಕಡಿಮೆಯಾದಂತೆಯೇ ಕಾಣುತ್ತದೆ. ಆದಕಾರಣ ಅರ್ಧದಷ್ಟು ಕೋಶಗಳನ್ನು ಕೊಲ್ಲುವ ಪ್ರಮಾಣವನ್ನು, ವೈರಸ್ಸನ್ನು ಅರ್ಧಕ್ಕಿಳಿಸುವ ಪ್ರಮಾಣದಿಂದ ಭಾಗಿಸಿ ಬರುವ ಅಂಕಿಯನ್ನು ಈಗ ನೋಡಲಾಗುತ್ತದೆ. ಅದು ಒಂದರ ಆಸುಪಾಸಿನಲ್ಲಿದ್ದರೆ ಆ ಸಾರ ಔಷಧವಲ್ಲ, ಬರಿಯ ವಿಷ. ಈ ಅಂಕಿಯನ್ನು ಕೊಡದೆ ‘ವೈರಸ್ ನಿರೋಧಕ’ ಎಂದು ಸಾರುವ ಪ್ರಬಂಧಗಳನ್ನು ಗಂಭೀರವಾಗಿ ಪರಿಗಣಿಸಬೇಕಿಲ್ಲ.

ದೀರ್ಘಕಾಲದ ಹೆಪಟೈಟಿಸ್ ಬಿಗೆ ಇಂದು ವೈದ್ಯರು ಕೊಡುವುದು ಟೆನೊಫೊವಿರ್, ಎಂಟೆಕವಿರ್ ಮೊದಲಾದ ಗುಳಿಗೆಗಳನ್ನು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹಾಕಿಸಬೇಕಾದದ್ದು ಲಸಿಕೆಯನ್ನು. ಆ ಲಸಿಕೆಯ ಮೊದಲ ವಿಧಾನವನ್ನು ರೂಪಿಸಿದವರು ಬ್ಲೂಂಬರ್ಗ್ ಮತ್ತು ಇರ್ವಿಂಗ್ ಮಿಲ್‌ಮನ್. 1987ರ ಕಿರುನೆಲ್ಲಿ ಪ್ರಬಂಧದಲ್ಲೂ ಈ ಇಬ್ಬರ ಹೆಸರುಗಳಿವೆ.