ಕೆಳಮನೆಯ ನೀರು

ಉಡುಪಿಯ ಮಳೆಯಲ್ಲೇ ಬೆಳೆದವ ನಾನು. ಮಳೆಗೆ ಹೆದರಲು ಕಲಿತದ್ದು ಮಾತ್ರ ಚೆನ್ನೈನ ವೇಳಚೇರಿಯಲ್ಲಿ. 2015ರ ಡಿಸೆಂಬರ್ ಪ್ರವಾಹದಲ್ಲಿ ಕಾರು ಮುಳುಗಿತು. ನೀರು ನುಗ್ಗಿ ಎಂಜಿನ್ ಕೆಟ್ಟರೆ ಸಾಮಾನ್ಯ ವಿಮೆ ಸಾಲದು, ಅದಕ್ಕೆ ಪ್ರತ್ಯೇಕ ಕಂತು ಕಟ್ಟಿರಬೇಕು ಎಂದು ಗೊತ್ತಾಗಿದ್ದು ಆಗಲೇ. ಈಗ ಭಾರಿ ಮಳೆಯ ಮುನ್ಸೂಚನೆ ಬಂದರೆ ಇಲ್ಲಿನವರು ಮೇಲ್ಸೇತುವೆಯ ಮೇಲೆ ಕಾರು ನಿಲ್ಲಿಸಿ ಬರುತ್ತಾರೆ.

2023ರ ಮಿಚಾಂಗ್ ಚಂಡಮಾರುತದ ಬಳಿಕ ಇಡೀ ಅಪಾರ್ಟ್‌ಮೆಂಟಿಗೆ ವಿಮೆ ಮಾಡಿಸುವ ಮಾತು ಬಂತು. ‘ನೀರು ನುಗ್ಗುವುದು ಕೆಳಮನೆಗಳಿಗೆ, ನಾವೇಕೆ ಕಟ್ಟಬೇಕು?’ ಎಂದರು ಮೇಲಿನವರು. ಮೂರನೇ ಮಹಡಿಯ ನಾನೂ ತಲೆಯಾಡಿಸಿದೆ. ಕೆಳಮನೆಯ ಅಜ್ಜಿ ಕೇಳಿದರು: ‘ನೀರಿನ ಮೋಟರ್, ಮೀಟರ್ ಬೋರ್ಡ್ ಇರುವುದೆಲ್ಲಿ?’ ಕತ್ತಲಲ್ಲಿ, ನಲ್ಲಿಯಲ್ಲಿ ನೀರಿಲ್ಲದೆ ಕಳೆದ ರಾತ್ರಿಗಳು ನೆನಪಾದವು. ಕಂತನ್ನು ಸಮನಾಗಿ ಹಂಚಿಕೊಂಡೆವು.

ಪಕ್ಕದ ಪಳ್ಳಿಕರಣೈ ಜೌಗು 2022ರಲ್ಲಿ ರಾಮ್ಸರ್ ತಾಣವಾಯಿತು. ಸುತ್ತ ಕಟ್ಟಡಗಳಿಗೆ ನಿರ್ಬಂಧ ಬಿದ್ದರೆ ಫ್ಲ್ಯಾಟಿನ ಬೆಲೆ ಇಳಿದೀತೆಂಬ ಅಳುಕು ನಮಗಿದೆ. ಆದರೆ ವೇಳಚೇರಿಯ ಮಳೆನೀರು ಹರಿದು ಸೇರುವುದು ಆ ಜೌಗಿಗೇ. ಅದನ್ನು ಮುಚ್ಚಿದರೆ ನೀರಿಗೆ ಉಳಿಯುವುದು ನಮ್ಮ ಮನೆಯ ದಾರಿ; ಅದನ್ನು ಯಾವ ವಿಮೆಯೂ ತಡೆಯದು.

ಮೀಟರ್ ಬೋರ್ಡನ್ನು ಈ ವರ್ಷ ಎತ್ತರಕ್ಕೇರಿಸುತ್ತಿದ್ದೇವೆ. ಖರ್ಚಿನಲ್ಲಿ ಮೂರನೇ ಮಹಡಿಯ ಪಾಲೂ ಇದೆ.