ಹನೂರು ಒತ್ತಿದ್ರೆ ಖಾಲಿ ಯಾಕೆ? ಡ್ಯಾಶ್‌ಬೋರ್ಡ್‌ಗೆ ಕಾಮನ್ ಫಿಲ್ಟರ್ ಹಾಕೋ ಬಗೆ

ಅನಾಲಿಟಿಕ್ಸ್ ಮಿನಿ ಪ್ರಾಜೆಕ್ಟ್ ಅಂದ ತಕ್ಷಣ ನಾವೆಲ್ಲ ಮಾಡೋದು ಒಂದೇ. ಪವರ್ ಬಿಐ ಓಪನ್ ಮಾಡಿ ನಾಲ್ಕು ಪೇಜ್, ಹತ್ತು ಚಾರ್ಟ್, ಪೇಜಿಗೊಂದು ಫಿಲ್ಟರ್. ಮೊದಲ ಪೇಜಲ್ಲಿ ಯಳಂದೂರು ಆರಿಸಿ ಎರಡನೇ ಪೇಜಿಗೆ ಹೋದ್ರೆ ಅಲ್ಲಿ ಇಡೀ ಚಾಮರಾಜನಗರ ಜಿಲ್ಲೆಯ ಲೆಕ್ಕ ಇರುತ್ತೆ. ನೋಡೋರು ಎರಡೂ ಯಳಂದೂರಿನದ್ದೇ ಅಂದ್ಕೊಂಡು ಹೋಲಿಸ್ತಾರೆ. ಇದಕ್ಕೆ ಪರಿಹಾರ ಕಾಮನ್ ಫಿಲ್ಟರ್: ಒಂದು ಕಡೆ ಆರಿಸಿದ್ದು ಎಲ್ಲ ಪೇಜಿಗೂ ಅನ್ವಯ ಆಗಬೇಕು.

ಉದಾಹರಣೆಗೆ ನಮ್ಮ ಹತ್ರ ಮೂರು ಟೇಬಲ್ ಇವೆ ಅಂದ್ಕೊಳ್ಳಿ: 2011ರ ಜನಗಣತಿ, ಈಗಿನ ಶಾಲೆಗಳ ಪಟ್ಟಿ, 2023ರ ವಿಧಾನಸಭಾ ಚುನಾವಣೆಯ ಫಲಿತಾಂಶ. ನೋಡಬೇಕಾದ ಊರುಗಳು ಕೊಳ್ಳೇಗಾಲ, ಹನೂರು, ಯಳಂದೂರು.

1. ಫಿಲ್ಟರ್‌ಗೆ ಬೇರೆ ಟೇಬಲ್ ಮಾಡಿ

ಶಾಲೆ ಟೇಬಲ್‌ನಲ್ಲಿರೋ ತಾಲ್ಲೂಕು ಕಾಲಮ್ ಎಳೆದು ಸ್ಲೈಸರ್ ಮಾಡಿದ್ರೆ ಜನಗಣತಿಯ ಚಾರ್ಟ್ ಅಲುಗಾಡಲ್ಲ. ಅದಕ್ಕೇ ತಾಲ್ಲೂಕುಗಳದ್ದೇ ಒಂದು ಪುಟ್ಟ ಟೇಬಲ್ ಬೇಕು. ಜಿಲ್ಲೆಯಲ್ಲಿ ಐದು ತಾಲ್ಲೂಕು, ಹಾಗಾಗಿ ಐದೇ ಸಾಲು. ಅದರಿಂದ ಉಳಿದ ಟೇಬಲ್‌ಗಳಿಗೆ ಒನ್-ಟು-ಮೆನಿ ರಿಲೇಶನ್‌ಶಿಪ್ ಕೊಡಿ. ಸ್ಲೈಸರ್‌ಗೆ ಯಾವಾಗಲೂ ಈ ಟೇಬಲ್‌ನ ಕಾಲಮ್ಮನ್ನೇ ಹಾಕಿ.

2. ಹೆಸರಿನ ಮೇಲೆ ಜೋಡಿಸಬೇಡಿ

ಇಂಗ್ಲಿಷ್ ಫೈಲ್‌ಗಳಲ್ಲಿ ಒಂದು ಕಡೆ ‘ಕೊಳ್ಳೇಗಾಲ್’, ಇನ್ನೊಂದು ಕಡೆ ‘ಕೊಳ್ಳೇಗಾಲ’ ಅಂತ ಇರುತ್ತೆ. ಯಳಂದೂರಿಗೂ ಎರಡು ಮೂರು ಸ್ಪೆಲ್ಲಿಂಗ್ ಇದೆ. ನಮಗೆ ಎಲ್ಲ ಒಂದೇ ಊರು, ಕಂಪ್ಯೂಟರ್‌ಗೆ ಬೇರೆ ಬೇರೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ತಾಲ್ಲೂಕಿಗೂ, ಹಳ್ಳಿಗೂ ಕೋಡ್ ಇದೆ. ಆ ಕೋಡ್ ಮೇಲೆ ಜೋಡಿಸಿ, ತೋರಿಸೋಕೆ ಮಾತ್ರ ಹೆಸರು ಬಳಸಿ.

3. ಸಿಂಕ್ ಮಾಡಿ

ಪವರ್ ಬಿಐನಲ್ಲಿ ವ್ಯೂ ಟ್ಯಾಬ್‌ಗೆ ಹೋಗಿ ಸಿಂಕ್ ಸ್ಲೈಸರ್ಸ್ ಒತ್ತಿ. ಪ್ರತಿ ಪೇಜಿನ ಮುಂದೆ ಎರಡು ಟಿಕ್ ಬಾಕ್ಸ್ ಬರುತ್ತೆ. ಒಂದು, ಈ ಪೇಜಿಗೆ ಫಿಲ್ಟರ್ ಅನ್ವಯ ಆಗಬೇಕಾ ಅಂತ. ಇನ್ನೊಂದು, ಸ್ಲೈಸರ್ ಕಣ್ಣಿಗೆ ಕಾಣಬೇಕಾ ಅಂತ. ಎರಡನೆಯದನ್ನ ತೆಗೆದ್ರೆ ಜಾಗ ಉಳಿಯುತ್ತೆ, ಆದ್ರೆ ಆಗ ಯಾವ ತಾಲ್ಲೂಕು ಆಯ್ಕೆಯಾಗಿದೆ ಅಂತ ತೋರಿಸೋ ಒಂದು ಕಾರ್ಡ್ ಇಡಲೇಬೇಕು. ಲುಕರ್ ಸ್ಟುಡಿಯೋದಲ್ಲಾದ್ರೆ ಫಿಲ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನ ರಿಪೋರ್ಟ್-ಲೆವೆಲ್ ಮಾಡಬಹುದು.

ಟ್ಯುಟೋರಿಯಲ್‌ಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ನಿಜವಾದ ಸಮಸ್ಯೆ ಶುರುವಾಗೋದು ಇಲ್ಲಿಂದ.

4. ಒಂದೇ ಹೆಸರು, ಬೇರೆ ಬೇರೆ ಗಡಿ

ಈಗ ಹನೂರು ಒತ್ತಿ. ಶಾಲೆಗಳು ಬರುತ್ತವೆ, ಜನಸಂಖ್ಯೆ ಖಾಲಿ. ಯಾಕಂದ್ರೆ 2011ರಲ್ಲಿ ಹನೂರು ತಾಲ್ಲೂಕೇ ಆಗಿರಲಿಲ್ಲ, ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು.

ಖಾಲಿ ಕಂಡ್ರೆ ನಮಗೆ ಅನುಮಾನವಾದ್ರೂ ಬರುತ್ತೆ. ಕೊಳ್ಳೇಗಾಲ ಒತ್ತಿದಾಗ ಆಗೋ ತಪ್ಪು ಗೊತ್ತೇ ಆಗಲ್ಲ. ಜನಸಂಖ್ಯೆ ಹಳೇ ದೊಡ್ಡ ತಾಲ್ಲೂಕಿನದ್ದು, ಶಾಲೆಗಳು ಈಗಿನ ಚಿಕ್ಕ ತಾಲ್ಲೂಕಿನವು. ಸಾವಿರ ಜನಕ್ಕೆ ಎಷ್ಟು ಶಾಲೆ ಅಂತ ಭಾಗಿಸಿದ್ರೆ ಕೊಳ್ಳೇಗಾಲದಲ್ಲಿ ಶಾಲೆಗಳೇ ಕಮ್ಮಿ ಅನ್ನೋ ಉತ್ತರ ಬರುತ್ತೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡಂಚಿನ ಹಳ್ಳಿಗಳ ಜನ ಇರೋದು ಹನೂರು ತಾಲ್ಲೂಕಲ್ಲಿ, ಆದ್ರೆ ಲೆಕ್ಕದಲ್ಲಿ ಅವರು ಕೊಳ್ಳೇಗಾಲಕ್ಕೆ ಹೋಗಿರ್ತಾರೆ. ಹೊಸ ಶಾಲೆ ಎಲ್ಲಿ ಬೇಕು ಅಂತ ಯಾರಾದ್ರೂ ಈ ಡ್ಯಾಶ್‌ಬೋರ್ಡ್ ನೋಡಿ ತೀರ್ಮಾನ ಮಾಡಿದ್ರೆ ನಷ್ಟ ಆ ಹಳ್ಳಿಗಳಿಗೆ.

ಪರಿಹಾರ ಇದೆ. ಜನಗಣತಿಯಲ್ಲಿ ಹಳ್ಳಿವಾರು ಲೆಕ್ಕ ಸಿಗುತ್ತೆ. ಪ್ರತಿ ಹಳ್ಳಿಗೂ ಈಗಿನ ತಾಲ್ಲೂಕಿನ ಕೋಡ್ ಕೊಟ್ಟು ಮತ್ತೆ ಕೂಡಿಸಿ. ಪಟ್ಟಣಗಳಿಗೆ ಬೇರೆ ಸಾಲು ಇರುತ್ತೆ, ಅದನ್ನ ಬಿಡಬೇಡಿ.

5. ಎಲ್ಲಿ ಫಿಲ್ಟರ್ ಬೇಡ?

ಚುನಾವಣೆ ಪೇಜಿಗೆ ಈ ತಾಲ್ಲೂಕು ಫಿಲ್ಟರ್ ಹಾಕಲೇಬೇಡಿ. ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರದಲ್ಲಿ ಯಳಂದೂರು ತಾಲ್ಲೂಕೂ ಸೇರಿದೆ. ಹನೂರು ತಾಲ್ಲೂಕಾಗೋ ಮುಂಚೆಯೇ ಹನೂರು ಕ್ಷೇತ್ರ ಇತ್ತು. ಹೆಸರು ಹೊಂದುತ್ತೆ ಅಂತ ಜೋಡಿಸಿದ್ರೆ ಯಳಂದೂರು ಒತ್ತಿದವರಿಗೆ ಅಲ್ಲಿ ಮತದಾನವೇ ಆಗಿಲ್ಲ ಅನ್ನೋ ಹಾಗೆ ಕಾಣುತ್ತೆ! ಆ ಪೇಜಿನ ಸಿಂಕ್ ಟಿಕ್ ತೆಗೆದು, ಕ್ಷೇತ್ರಕ್ಕೆ ಬೇರೆ ಸ್ಲೈಸರ್ ಕೊಡಿ, ಮೇಲೆ ‘ಇದು ಕ್ಷೇತ್ರವಾರು ಲೆಕ್ಕ’ ಅಂತ ದಪ್ಪಗೆ ಬರೆಯಿರಿ.

ಸಬ್ಮಿಟ್ ಮಾಡೋ ಮುಂಚೆ ಎರಡು ಟೆಸ್ಟ್ ಮಾಡಿ. ಐದು ತಾಲ್ಲೂಕನ್ನೂ ಒಂದೊಂದಾಗಿ ಒತ್ತಿ, ಬಂದ ಜನಸಂಖ್ಯೆ ಕೂಡಿಸಿ. 2011ರ ಜಿಲ್ಲೆಯ ಒಟ್ಟು 10,20,791 ಬರಬೇಕು. ಆಮೇಲೆ ಹನೂರು ಒತ್ತಿ ಎಲ್ಲ ಪೇಜೂ ನೋಡಿ. ಎಲ್ಲಾದ್ರೂ ಖಾಲಿ ಕಂಡ್ರೆ ಅದನ್ನ ಸೊನ್ನೆ ಅಂತ ತಿಳ್ಕೋಬೇಡಿ. ಯಾವ ಟೇಬಲ್‌ನಲ್ಲಿ ಹಳೇ ಗಡಿ ಉಳಿದಿದೆ ಅಂತ ಹುಡುಕಿ. ನಿಮ್ಮ ಊರಿನ ಡೇಟಾ ತಗೊಂಡ್ರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಈ ಲೆಕ್ಕ ಬರೆದ ವರ್ಷ ಆ ತಾಲ್ಲೂಕಿನ ಗಡಿ ಎಲ್ಲಿತ್ತು?