ಊಟವಾದ ಮೇಲಿನ ಎರಡು ಗಂಟೆ

ವಯಸ್ಕರೊಬ್ಬರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಬರಿಹೊಟ್ಟೆಯಲ್ಲಿದ್ದಾಗ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಐದು ಗ್ರಾಮಿನ ಆಸುಪಾಸು, ಒಂದು ಟೀ ಚಮಚದಷ್ಟು. ಒಂದು ತಟ್ಟೆ ಅನ್ನ ಉಂಡರೆ ಅದರ ಹತ್ತು ಪಟ್ಟು ಗ್ಲೂಕೋಸ್ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆದರೂ ಆರೋಗ್ಯವಂತರಲ್ಲಿ ಊಟವಾಗಿ ಎರಡು ಗಂಟೆಯ ಹೊತ್ತಿಗೆ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಮಿಗಿಂತ ಕೆಳಗೇ ಇರುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಸುರಿಸುವ ಇನ್ಸುಲಿನ್, ಬಂದ ಗ್ಲೂಕೋಸನ್ನು ಸ್ನಾಯುಗಳಿಗೂ ಯಕೃತ್ತಿಗೂ ಸಾಗಹಾಕುತ್ತದೆ. ರಾತ್ರಿ ಉಪವಾಸದಲ್ಲಿ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಯಕೃತ್ತಿನ ದಾಸ್ತಾನಿನಿಂದ ಅದನ್ನೇ ಮರಳಿ ಹೊರತೆಗೆಸುತ್ತದೆ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಕೆಡುವುದಿಲ್ಲ. ಉಣ್ಣಲು ಶುರುವಾದ ಮೊದಲ ನಿಮಿಷಗಳಲ್ಲೇ ಚಿಮ್ಮಬೇಕಾದ ಇನ್ಸುಲಿನ್ ತಡವಾಗುವುದು ಅನೇಕರಲ್ಲಿ ಆರಂಭದ ಲಕ್ಷಣ. ಹಾಗಾದಾಗ ಬೆಳಗಿನ ಬರಿಹೊಟ್ಟೆಯ ಪರೀಕ್ಷೆ ಇನ್ನೂ 95 ಎಂದೇ ತೋರಿಸುತ್ತಿರಬಹುದು, ಮಧ್ಯಾಹ್ನದ ಊಟದ ನಂತರ ಮಾತ್ರ ಸಕ್ಕರೆ 170, 180ಕ್ಕೆ ಏರಿರುತ್ತದೆ. ಬರಿಹೊಟ್ಟೆಯ ಅಂಕಿಯೊಂದನ್ನೇ ನೋಡಿ ನೆಮ್ಮದಿಯಾಗಿ ಮನೆಗೆ ಹೋಗುವ ನಮ್ಮ ರೂಢಿ ಬದಲಾಗಬೇಕು. 1999ರಲ್ಲಿ ಪ್ರಕಟವಾದ ಯುರೋಪಿನ ‘ಡಿಕೋಡ್’ ಅಧ್ಯಯನ ಈ ಮಾತಿಗೆ ದೊಡ್ಡ ಆಧಾರ. ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ಅಳೆದ ಸಕ್ಕರೆಯೇ, ಬರಿಹೊಟ್ಟೆಯ ಸಕ್ಕರೆಗಿಂತ ಚೆನ್ನಾಗಿ ಸಾವಿನ ಅಪಾಯವನ್ನು ಸೂಚಿಸುತ್ತದೆ ಎಂದು ಅದು ಕಂಡುಕೊಂಡಿತು.

ಏರಿದ ಸಕ್ಕರೆ ಕೆಡುಕು ಮಾಡುವುದು ಹೇಗೆ? ಮೈಯ ಬಹುಪಾಲು ಕೋಶಗಳು ತಮಗೆ ಬೇಡವಾದಾಗ ಗ್ಲೂಕೋಸಿನ ಪ್ರವೇಶವನ್ನು ತಗ್ಗಿಸಿಕೊಳ್ಳಬಲ್ಲವು. ಕಣ್ಣಿನ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳಿಗೆ, ಮೂತ್ರಪಿಂಡದ ಸೋಸುವ ಭಾಗಕ್ಕೆ, ನರಗಳಿಗೆ ಆ ಸಾಮರ್ಥ್ಯ ಕಡಿಮೆ. ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಒಳಗೂ ತುಂಬಿಕೊಳ್ಳುತ್ತದೆ. ಅದನ್ನು ಉರಿಸುವ ಭರದಲ್ಲಿ ಕೋಶಗಳು ಹಾನಿಕಾರಕ ಆಮ್ಲಜನಕ ಕಣಗಳನ್ನು ಹುಟ್ಟುಹಾಕುತ್ತವೆ, ರಕ್ತನಾಳದ ಒಳಪದರ ಗಾಸಿಗೊಳ್ಳುತ್ತದೆ. ಸಕ್ಕರೆ ಕಾಯಿಲೆ ಕಣ್ಣು, ಕಿಡ್ನಿ, ಪಾದಗಳನ್ನೇ ಹುಡುಕಿಕೊಂಡು ಬರುವುದು ಇದರಿಂದ. ವರ್ಷಗಟ್ಟಲೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಈ ತೊಂದರೆಗಳು ಬಹಳವಾಗಿ ತಗ್ಗುತ್ತವೆ ಎಂದು ಟೈಪ್ 1 ರೋಗಿಗಳ ಮೇಲೆ ನಡೆದ ಅಮೆರಿಕದ ದೊಡ್ಡ ಅಧ್ಯಯನವೊಂದು 1993ರಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿತು.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಬಹಳ ಉಪಯುಕ್ತ. ಕೆಂಪು ರಕ್ತಕಣ ಬದುಕುವ ಸುಮಾರು 120 ದಿನಗಳಲ್ಲಿ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿತೆಂಬುದನ್ನು ಅದು ಅಳೆಯುತ್ತದೆ. ಆದರೆ ಸರಾಸರಿಗೆ ಏರಿಳಿತ ಕಾಣುವುದಿಲ್ಲ. ಫಲಿತಾಂಶ 7 ಎಂದು ಬಂದರೆ ಸರಾಸರಿ ಸಕ್ಕರೆ 154 ಎಂದರ್ಥ. ದಿನವಿಡೀ 130ರಿಂದ 180ರ ನಡುವೆ ಇದ್ದವರಿಗೂ, ಒಮ್ಮೆ 60ಕ್ಕೆ ಕುಸಿದು ಇನ್ನೊಮ್ಮೆ 280ಕ್ಕೆ ಜಿಗಿದವರಿಗೂ ಅದೇ 7 ಬರಬಹುದು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಈ ಅಂಕಿ ಇರಬೇಕಾದ್ದಕ್ಕಿಂತ ಹೆಚ್ಚಾಗಿಯೂ ತೋರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿರುವವರು 13.6 ಕೋಟಿ. ಈ ಎರಡನೆಯ ಗುಂಪಿನವರಿಗೆ ತಟ್ಟೆಯಲ್ಲೇ ಬಹಳಷ್ಟು ಅವಕಾಶವಿದೆ.

ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಗಿಯಲ್ಲಿ ನಾರಿನಂಶ ಪಾಲಿಶ್ ಮಾಡಿದ ಅಕ್ಕಿಗಿಂತ ಎಷ್ಟೋ ಹೆಚ್ಚು, ಸುಣ್ಣದಂಶವಂತೂ ಬೇರೆ ಧಾನ್ಯಗಳಲ್ಲಿ ಸಿಗದಷ್ಟು. ಆದರೂ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಮಾಲ್ಟ್ ಕುಡಿದರೆ ಸಕ್ಕರೆ ಬೇಗನೆ ಏರುತ್ತದೆ. ಒಂದು ಚಿಕ್ಕ ಮುದ್ದೆಗೆ ಬಟ್ಟಲು ತುಂಬ ಸೊಪ್ಪು, ಕಾಳಿನ ಸಾರು ಇದ್ದಾಗ ಮಾತ್ರ ರಾಗಿ ತನ್ನ ಹೆಸರಿಗೆ ತಕ್ಕ ಕೆಲಸ ಮಾಡುತ್ತದೆ. ನಾರು, ಪ್ರೋಟೀನು, ಕೊಬ್ಬು ಇವೆಲ್ಲ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ.

ಉಣ್ಣುವ ಕ್ರಮಕ್ಕೂ ಬೆಲೆಯಿದೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಟೈಪ್ 2 ಸಕ್ಕರೆ ಕಾಯಿಲೆಯ 11 ಮಂದಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿ, ಮಾಂಸವನ್ನು ಮೊದಲು ತಿಂದು ಬ್ರೆಡ್ಡನ್ನು ಕೊನೆಗೆ ತಿಂದ ದಿನ, ಒಂದು ಗಂಟೆಯ ಹೊತ್ತಿನ ಸಕ್ಕರೆ ಮೂರನೇ ಒಂದು ಭಾಗಕ್ಕೂ ಮಿಗಿಲಾಗಿ ತಗ್ಗಿತ್ತು. ಪ್ರಯೋಗ ಚಿಕ್ಕದು, ಆದರೆ ಅನುಸರಿಸಲು ಖರ್ಚಿಲ್ಲ. ನಮ್ಮ ಬಾಳೆಲೆಯ ಮೇಲೆ ಅನ್ನಕ್ಕಿಂತ ಮುಂಚೆ ಕೋಸಂಬರಿ, ಪಲ್ಯ ಬಂದು ಕೂತಿರುತ್ತವೆ. ಅವನ್ನು ನಂಚಿಕೊಳ್ಳಲೆಂದು ಉಳಿಸಿಕೊಳ್ಳದೆ ಮೊದಲೇ ತಿಂದು ಮುಗಿಸಿದರಾಯಿತು.

ಉಂಡ ಮೇಲೆ ನಡೆಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಸುಲಭದ ಉಪಾಯ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯುವುದಿಲ್ಲ. ಅದು ಸಂಕುಚಿಸಿದಾಗ ಕೋಶದೊಳಗೆ ಅಡಗಿದ್ದ ಗ್ಲೂಕೋಸ್ ಸಾಗಿಸುವ ಪ್ರೋಟೀನುಗಳು ಹೊರಪೊರೆಗೆ ಬಂದು, ತಾವಾಗಿಯೇ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆದುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ಮೇಲಿನ ಏರಿಕೆ ಕಡಿಮೆಯಿತ್ತು. ರಾತ್ರಿಯೂಟದ ಬಳಿಕ ವ್ಯತ್ಯಾಸ ಇನ್ನೂ ಹೆಚ್ಚು. ಟಿವಿ ಮುಂದೆ ಕೂರುವ ಹೊತ್ತದು, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್‌ಗಳು ಈಗ ಕಾಯಿಲೆಯಿಲ್ಲದವರ ಕೈಗೂ ಬಂದಿವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಅವು ನಿಜಕ್ಕೂ ವರದಾನ. ಆರೋಗ್ಯವಂತರು ಮಾತ್ರ ಪ್ರತಿ ಊಟದ ಸಹಜ ಏರಿಕೆಗೂ ಗಾಬರಿಯಾಗಿ ಹಣ್ಣು ಬಿಡಬೇಕಿಲ್ಲ.

ಏರುವುದು ನಿಧಾನವಾಗಿ ಕೆಡಿಸಿದರೆ ಇಳಿಯುವುದು ಗಳಿಗೆಯಲ್ಲಿ ಕೆಡಿಸುತ್ತದೆ. ಮಿದುಳಿನ ಮುಖ್ಯ ಇಂಧನ ಗ್ಲೂಕೋಸ್. ಸಕ್ಕರೆ 70ಕ್ಕಿಂತ ಇಳಿದಾಗ ಬೆವರು, ನಡುಕ, ಎದೆಬಡಿತ, ಹಸಿವು ಕಾಣುತ್ತವೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಪ್ರಜ್ಞೆ ತಪ್ಪಬಹುದು. ಇನ್ಸುಲಿನ್ ಅಥವಾ ಗ್ಲೈಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಏಕಾದಶಿ, ಸಂಕಷ್ಟಿ ಎಂದು ಉಪವಾಸವಿರುವ ಹಿರಿಯರಿಗೆ ಈ ಅಪಾಯ ಹೆಚ್ಚು. ವ್ರತಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ ಅಂದಿನ ಮಾತ್ರೆ ಎಷ್ಟೆಂದು ತಿಳಿದುಕೊಳ್ಳಬೇಕು. ಎಚ್ಚರವಿದ್ದರೆ ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. 70 ದಾಟದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಚೇತರಿಸಿಕೊಂಡ ಮೇಲೆ, ಯಾವ ಹೊತ್ತಿನಲ್ಲಿ ಹೀಗಾಯಿತು, ಅದಕ್ಕೆ ಮುಂಚೆ ಏನು ತಿಂದಿದ್ದರು ಎಂಬುದನ್ನು ಬರೆದು ವೈದ್ಯರಿಗೆ ತೋರಿಸಿ. ಔಷಧದ ಪ್ರಮಾಣ ತಿದ್ದಲು ಅವರಿಗೆ ಬೇಕಾಗುವುದು ಅದೇ ವಿವರ.